ಒಗ್ಗರಣೆ ಡಬ್ಬಿಯಲ್ಲಿ ಮಾತ್ರೆ ಬೇಡ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನಿವೃತ್ತ ದಾದಿಯೊಬ್ಬರು ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಹೋದ ವಾರ ಕಾರ್ಯಕರ್ತೆಯವರು ನಿಮಗೆಲ್ಲ ಒಂದು ಮಾತು ಹೇಳಿ ಕಳಿಸಿದ್ದರು. ಬರುವಾಗ ಮನೆಯಲ್ಲಿರುವ ಮಾತ್ರೆ ಡಬ್ಬಿಯನ್ನು ಹಾಗೆಯೇ ತನ್ನಿ, ತೊಳೆದು ಬಳಿದು ಚಂದ ಮಾಡಿ ತರಬೇಡಿ ಅಂತ. ಬಹಳ ಜನ ತಂದಿದ್ದೀರಿ. ಬರುತ್ತಾ ಒಂದಷ್ಟು ನೋಡಿದೆ. ಹಾರ್ಲಿಕ್ಸ್ ಬಾಟಲಿ ಇದೆ, ಬಿಸ್ಕತ್ತಿನ ಡಬ್ಬ ಇದೆ, ಒಬ್ಬ ಅಜ್ಜಿ ಸೆರಗಿನ ಗಂಟಿನಲ್ಲೇ ಕಟ್ಟಿಕೊಂಡು ಬಂದಿದ್ದಾರೆ. ನಗಬೇಡಿ. ನನ್ನ ಮನೆಯ ಡಬ್ಬಿಯ ಕಥೆ ಕೇಳಿದ ಮೇಲೆ ನೀವು ಆ ಅಜ್ಜಿಯನ್ನು ನೋಡಿ ನಗುವುದಿಲ್ಲ.

ನಾನು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದವಳು. ದಿನಕ್ಕೆ ನೂರಾರು ಮಾತ್ರೆ ಕೈಯಲ್ಲಿ ಹಿಡಿದಿದ್ದೇನೆ. ನನ್ನ ಅತ್ತೆಗೆ ಕೀಲುವಾತ ಇತ್ತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ವೈದ್ಯರು ಎರಡು ಮಾತ್ರೆ ಕೊಟ್ಟಿದ್ದರು. ಒಂದು ಮೆಥೋಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ, ಭಾನುವಾರ ಮೂರು ಮಾತ್ರೆ. ಇನ್ನೊಂದು ಫೋಲಿಕ್ ಆಸಿಡ್, ಅದು ಉಳಿದ ದಿನಗಳಲ್ಲಿ ಒಂದೊಂದು. ಜೊತೆಗೆ ಬಿ.ಪಿ. ಮಾತ್ರೆ ಬೇರೆ. ಅತ್ತೆ ಬಹಳ ಅಚ್ಚುಕಟ್ಟು. ಸ್ಟ್ರಿಪ್ ಡಬ್ಬಿಯಲ್ಲಿ ಹಿಡಿಸುವುದಿಲ್ಲ, ಮುದುಡುತ್ತದೆ ಅಂತ ಎಲ್ಲ ಮಾತ್ರೆಯನ್ನೂ ಒತ್ತಿ ಒತ್ತಿ ಬಿಡಿಸಿ, ಹಳೆಯ ಒಗ್ಗರಣೆ ಡಬ್ಬಿಯ ಬಟ್ಟಲುಗಳಲ್ಲಿ ತುಂಬಿಟ್ಟಿದ್ದರು. ಸಾಸಿವೆ ಬಟ್ಟಲಲ್ಲಿ ಭಾನುವಾರದ್ದು, ಜೀರಿಗೆ ಬಟ್ಟಲಲ್ಲಿ ದಿನದ್ದು, ಮೆಂತ್ಯದ ಬಟ್ಟಲಲ್ಲಿ ಬಿ.ಪಿ.ಯದ್ದು. ನಾನೂ ನೋಡಿದ್ದೆ. 'ಎಷ್ಟು ನೀಟಾಗಿ ಇಟ್ಟಿದ್ದಾರೆ' ಅಂದುಕೊಂಡೆನೇ ಹೊರತು ಬೇಡ ಅನ್ನಲಿಲ್ಲ.

ಒಂದು ದಿನ ಮೊಮ್ಮಗ ಡಬ್ಬಿ ಎಳೆದು ಬೀಳಿಸಿದ. ಅತ್ತೆ ಕೂತು ಎಲ್ಲವನ್ನೂ ಆರಿಸಿದರು. ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ ಗಮನ ಕೊಟ್ಟು, ಬಣ್ಣ ನೋಡಿ ಆರಿಸಿದರು. ಆದರೆ ನಮ್ಮ ಮನೆಗೆ ಬರುತ್ತಿದ್ದ ಆ ಎರಡೂ ಮಾತ್ರೆ ಹಳದಿ. ಎರಡೂ ಸಣ್ಣವು, ದುಂಡಗಿನವು.

ಹತ್ತು ಹನ್ನೆರಡು ದಿನ ಕಳೆಯಿತು. ಬಾಯಲ್ಲಿ ಹುಣ್ಣಾಯಿತು. ಉಷ್ಣ ಅಂತ ಮಜ್ಜಿಗೆ ಕುಡಿದರು. ಆಮೇಲೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ, ಜ್ವರ ಬಂತು, ವಸಡಿನಲ್ಲಿ ರಕ್ತ ಒಸರಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ ತಳ ಕಂಡಿತ್ತು. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಮೆಥೋಟ್ರೆಕ್ಸೇಟನ್ನು ಅವರು ದಿನಾ ನುಂಗಿದ್ದರು. ಇದೇ ತಪ್ಪಿನಿಂದ ಬೇರೆ ಬೇರೆ ದೇಶಗಳಲ್ಲಿ ಜನ ಸತ್ತಿದ್ದಾರೆ. ನಮ್ಮ ಪುಣ್ಯ, ಅತ್ತೆ ಉಳಿದರು. ಎರಡು ವಾರ ವಾರ್ಡಿನಲ್ಲಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕೈಗೆ ಆ ಬಟ್ಟಲು ಕೊಟ್ಟು, "ಸಿಸ್ಟರ್, ಇದರಲ್ಲಿ ಯಾವುದು ಯಾವುದು ಹೇಳಿ" ಅಂದರು. ನಾನು ತಿರುಗಿಸಿ ಮರುಗಿಸಿ ನೋಡಿದೆ. ಹೇಳಲಾಗಲಿಲ್ಲ. ಅವರಿಗೂ ಹೇಳಲಾಗಲಿಲ್ಲ. ಮನೆಯಲ್ಲಿ ಕಸದ ಬುಟ್ಟಿ ಹುಡುಕಿಸಿ, ಖಾಲಿ ಸ್ಟ್ರಿಪ್ ಸಿಗದೆ, ಕೊನೆಗೆ ಹಳೆಯ ಬಿಲ್ ಸಿಕ್ಕಿ ವಿಷಯ ಗೊತ್ತಾಯಿತು. ಮೂವತ್ತು ವರ್ಷದ ಅನುಭವ ಆ ಹೊತ್ತಿಗೆ ಒಂದು ಬಿಲ್ಲಿನ ಚೀಟಿಯಷ್ಟೂ ಉಪಯೋಗಕ್ಕೆ ಬರಲಿಲ್ಲ.

ಆದ್ದರಿಂದ ಇವತ್ತು ಬಿಡಿ ಮಾತ್ರೆಯನ್ನು ನೋಡಿ ಗುರುತಿಸುವ ವಿದ್ಯೆ ಕಲಿಸಲು ನಾನು ಬಂದಿಲ್ಲ. ಅಂಥ ವಿದ್ಯೆ ನಮ್ಮಲ್ಲಿ ಇಲ್ಲ. ಮಾತ್ರೆಯ ಹೆಸರು ಇರುವುದು ಮಾತ್ರೆಯ ಮೇಲಲ್ಲ, ಅದರ ಸ್ಟ್ರಿಪ್ ಮೇಲೆ. ಸ್ಟ್ರಿಪ್‌ನಿಂದ ಹೊರಗೆ ಬಂದ ಮಾತ್ರೆ ಹೆಸರು ಕಳೆದುಕೊಂಡ ಹಾಗೆ.

ಈಗ ನಿಮ್ಮ ಮಕ್ಕಳು ಹೇಳಬಹುದು, "ಅಮ್ಮಾ, ಮೊಬೈಲಲ್ಲಿ ಫೋಟೋ ತೆಗೆದು ಹಾಕಿದರೆ ಯಾವ ಮಾತ್ರೆ ಅಂತ ಬರುತ್ತೆ." ನನ್ನ ಮಗನೂ ಅವತ್ತು ಆಸ್ಪತ್ರೆಯ ವರಾಂಡದಲ್ಲಿ ಅದನ್ನೇ ಮಾಡಿದ. ಬಂದದ್ದು ಅಮೆರಿಕದ ಯಾವುದೋ ಮಾತ್ರೆಯ ಹೆಸರು. ಕಾರಣ ಕೇಳಿ. ಅಮೆರಿಕದಲ್ಲಿ 1990ರ ದಶಕದಲ್ಲೇ ಒಂದು ನಿಯಮ ಬಂತು. ಅಲ್ಲಿನ ಮಾತ್ರೆ, ಕ್ಯಾಪ್ಸೂಲುಗಳ ಮೈಮೇಲೆಯೇ ಅಕ್ಷರವೋ ಅಂಕಿಯೋ ಅಚ್ಚಾಗಿರಬೇಕು. ಆ ಗುರುತು ಹಾಕಿ ಹುಡುಕಿದರೆ ಔಷಧಿ ಯಾವುದು, ಯಾವ ಕಂಪನಿಯದು ಅಂತ ತಿಳಿಯುತ್ತದೆ. ನಮ್ಮಲ್ಲಿ ಹಾಗೆ ಎಲ್ಲ ಮಾತ್ರೆಯ ಮೇಲೂ ಗುರುತು ಇರುವುದಿಲ್ಲ. ಬಹಳ ಮಾತ್ರೆಗಳ ಮೇಲೆ ಇರುವುದು ನಡುವೆ ಒಂದು ಗೆರೆ ಮಾತ್ರ. ಅದು ಅರ್ಧ ಮುರಿಯುವುದಕ್ಕೆ ಇರುವ ಗೆರೆ, ಹೆಸರಲ್ಲ. ಇಲ್ಲಿನ ಮಾತ್ರೆಯನ್ನು ಅಲ್ಲಿನ ಪಟ್ಟಿಯಲ್ಲಿ ಹುಡುಕಿದರೆ ಏನೋ ಒಂದು ಹೆಸರು ಬಂದೇ ಬರುತ್ತದೆ. ಏನೂ ಬರದಿದ್ದರೆ ವಾಸಿ, ತಪ್ಪು ಹೆಸರು ಬಂದರೆ ಅದನ್ನು ನಂಬಿಬಿಡುತ್ತೇವೆ.

ಬಣ್ಣವನ್ನಾದರೂ ನಂಬಬಹುದೇ? ಒಂದೇ ಬಿ.ಪಿ. ಮಾತ್ರೆ ಒಂದು ಕಂಪನಿಯದು ಬಿಳಿ, ಇನ್ನೊಂದರದು ಗುಲಾಬಿ ಇರಬಹುದು. ಸರ್ಕಾರಿ ಆಸ್ಪತ್ರೆಗೆ ಈ ಸಲ ಒಬ್ಬರು ಸರಬರಾಜು ಮಾಡಿದರೆ ಮುಂದಿನ ಸಲ ಇನ್ನೊಬ್ಬರು. ಸಣ್ಣ, ಬಿಳಿ, ದುಂಡಗಿನ ಮಾತ್ರೆ ಅಂದರೆ ಬಿ.ಪಿ.ಯದೂ ಇರಬಹುದು, ಸಕ್ಕರೆ ಕಾಯಿಲೆಯದೂ ಇರಬಹುದು, ಥೈರಾಯ್ಡಿನದೂ ಇರಬಹುದು, ನಿದ್ರೆ ಮಾತ್ರೆಯೂ ಇರಬಹುದು. ಬಣ್ಣಕ್ಕೆ ಅರ್ಥ ಇರುವ ಒಂದು ಕಡೆ ನಿಮಗೆ ಗೊತ್ತೇ ಇದೆ. ಸರ್ಕಾರ ಕೊಡುವ ಕಬ್ಬಿಣಾಂಶದ ಮಾತ್ರೆ. 2018ರಲ್ಲಿ ಬಂದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ 5ರಿಂದ 9 ವರ್ಷದ ಮಕ್ಕಳಿಗೆ ಗುಲಾಬಿ, 10ರಿಂದ 19ರವರಿಗೆ ನೀಲಿ, ಗರ್ಭಿಣಿಯರಿಗೂ ದೊಡ್ಡ ಹೆಂಗಸರಿಗೂ ಕೆಂಪು ಅಂತ ಗೊತ್ತು ಮಾಡಿದ್ದಾರೆ. ಶಾಲೆಯಲ್ಲೋ ಆಶಾ ಕಾರ್ಯಕರ್ತೆಯ ಕೈಯಲ್ಲೋ ಇರುವಾಗ ಆ ಬಣ್ಣ ಮಾತಾಡುತ್ತದೆ. ಅದೇ ಕೆಂಪು ಮಾತ್ರೆ ನಿಮ್ಮ ಡಬ್ಬಿಯ ತಳದಲ್ಲಿ ಬಿಡಿಯಾಗಿ ಬಿದ್ದಿದ್ದರೆ ಅದು ಕಬ್ಬಿಣಾಂಶದ್ದೇ ಅಂತ ಹೇಳಲು ಬರುವುದಿಲ್ಲ.

ಹಾಗಾದರೆ ಸ್ಟ್ರಿಪ್ ಮೇಲೆ ಏನೇನು ಇರುತ್ತದೆ ನೋಡೋಣ. ಎಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನ ಹಾಗೆ ಇರುತ್ತದೆ, ನಮಗೆಲ್ಲಿ ಓದಲು ಬರಬೇಕು ಅಂತೀರಿ. ನಿಜ. ಆದರೂ ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳೋ ಮಗನೋ ಇದ್ದೇ ಇರುತ್ತಾರೆ. ಅವರಿಂದ ಓದಿಸಿ.

ಮೊದಲು ಹೆಸರು. ಹೆಸರು ಎರಡು ಇರುತ್ತದೆ. ಒಂದು ಕಂಪನಿ ಇಟ್ಟ ಹೆಸರು, ಇನ್ನೊಂದು ಒಳಗಿರುವ ಔಷಧಿಯ ನಿಜವಾದ ಹೆಸರು. ಮಗುವಿಗೆ ಮನೆಯಲ್ಲಿ ಕರೆಯುವ ಹೆಸರು, ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಇರುತ್ತದಲ್ಲ, ಹಾಗೆ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರರ ಒಳಗೂ ಇರುವುದು ಪ್ಯಾರಾಸಿಟಮಾಲ್ ಒಂದೇ. ಶೀತಕ್ಕೆ ಅಂತ ಕೊಡುವ ಎಷ್ಟೋ ಮಾತ್ರೆಗಳಲ್ಲೂ ಅದೇ ಇರುತ್ತದೆ. ಜ್ವರಕ್ಕೆ ಒಂದು, ಮೈಕೈ ನೋವಿಗೆ ಒಂದು, ನೆಗಡಿಗೆ ಒಂದು ಅಂತ ಮೂರು ನುಂಗಿದವಳು ಒಂದೇ ಔಷಧಿಯನ್ನು ಮೂರು ಪಾಲು ನುಂಗಿರುತ್ತಾಳೆ. ದೊಡ್ಡವರಿಗೆ ದಿನಕ್ಕೆ ಎಲ್ಲ ಸೇರಿ 4 ಗ್ರಾಂ ಮೀರಬಾರದು, ಅಂದರೆ 650ರ ಮಾತ್ರೆ ಆರಕ್ಕಿಂತ ಹೆಚ್ಚಾಗಬಾರದು. ಸಣಕಲು ಮೈಯವರಿಗೆ, ಕುಡಿತ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಅಷ್ಟೂ ಆಗುವುದಿಲ್ಲ. ಮಿತಿ ಮೀರಿದರೆ ಕೆಡುವುದು ಯಕೃತ್ತು. ಅದಕ್ಕೇ ಒಳಗಿನ ಹೆಸರು ಓದಿಸಿ ಅನ್ನುವುದು. ಹೆಸರಿನ ಪಕ್ಕದ ಅಂಕಿಯೂ ಹೆಸರಿನ ಭಾಗವೇ. 500 ಬೇರೆ, 650 ಬೇರೆ.

ಆಮೇಲೆ ಅವಧಿ. ಎಕ್ಸ್‌ಪೈರಿ 06/2027 ಅಂತ ಇದ್ದರೆ ಆ ಜೂನ್ ತಿಂಗಳ ಕೊನೆಯ ದಿನದವರೆಗೆ ಅಂತ ಅರ್ಥ. ಹೆಸರು ಸ್ಟ್ರಿಪ್ ತುಂಬ ನಾಲ್ಕಾರು ಕಡೆ ಇರುತ್ತದೆ. ಅವಧಿ, ಬ್ಯಾಚ್ ನಂಬರು ಮಾತ್ರ ಬಹಳ ಸಲ ಒಂದು ತುದಿಯಲ್ಲಿ ಮಾತ್ರ. ನಾವು ಏನು ಮಾಡುತ್ತೇವೆ? ಕೈಗೆ ಸಿಕ್ಕ ಕಡೆಯಿಂದ ಒತ್ತುತ್ತೇವೆ, ಖಾಲಿಯಾದ ಭಾಗವನ್ನು ಕತ್ತರಿಸಿ ಬಿಸಾಕುತ್ತೇವೆ. ಇನ್ನು ಮೇಲೆ ಅಕ್ಷರ ಒತ್ತಿರುವ ತುದಿಯನ್ನು ಕೊನೆಗೆ ಉಳಿಸಿ. ಮೆಡಿಕಲ್ ಶಾಪಿನವರು ಐದು ಮಾತ್ರೆ ಕತ್ತರಿಸಿ ಕೊಟ್ಟರೆ ಆ ತುದಿ ಅವರ ಹತ್ತಿರವೇ ಉಳಿದಿರುತ್ತದೆ. ಆಗ ಬಿಲ್ ಕೇಳಿ. "ಐದು ಮಾತ್ರೆಗೆ ಬಿಲ್ಲಾ?" ಅಂತ ಅವರು ಮುಖ ನೋಡಬಹುದು. ನೋಡಲಿ. ಸಂಘದ ಲೆಕ್ಕದಲ್ಲಿ ಐದು ರೂಪಾಯಿಗೂ ರಸೀದಿ ಕೇಳುವವರು ನಾವು. ಬಿಲ್ಲಿನಲ್ಲಿ ಮಾತ್ರೆಯ ಹೆಸರು, ಬ್ಯಾಚ್ ನಂಬರು, ಅವಧಿ ಬರುತ್ತದೆ. ಅದನ್ನು ಮಾತ್ರೆ ಜೊತೆಗೇ ರಬ್ಬರ್ ಬ್ಯಾಂಡ್ ಹಾಕಿ ಇಡಿ.

ಈ ಬ್ಯಾಚ್ ನಂಬರು ಯಾರಿಗೆ ಬೇಕು ಅಂತ ನನಗೂ ಅನ್ನಿಸುತ್ತಿತ್ತು. 2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಸಣ್ಣ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಕೋಲ್ಡ್ರಿಫ್ ಅನ್ನುವ ಸಿರಪ್. ತಮಿಳುನಾಡಿನಲ್ಲಿ ಪರೀಕ್ಷೆ ಮಾಡಿದಾಗ ಎಸ್.ಆರ್. 13 ಅನ್ನುವ ಬ್ಯಾಚಿನಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ನೂರಕ್ಕೆ 48 ಪಾಲಿಗೂ ಹೆಚ್ಚು ಸಿಕ್ಕಿತು. ಸುದ್ದಿ ಬಂದ ದಿನ ಎಷ್ಟು ತಾಯಂದಿರು ಮನೆಯ ಬಾಟಲಿ ತಿರುಗಿಸಿ ನೋಡಿರಬೇಕು! ಲೇಬಲ್ ಹರಿದುಹೋದ ಬಾಟಲಿ ಇದ್ದವಳು ಏನು ನೋಡಿಯಾಳು? ಆಗಲೇ ಕೇಂದ್ರದ ಆರೋಗ್ಯ ಇಲಾಖೆಯವರು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಲೇಬಾರದು ಅಂತ ಸೂಚನೆ ಹೊರಡಿಸಿದರು. ಪಕ್ಕದ ಮನೆಯವರು "ನಮ್ಮ ಮಗುವಿಗೆ ತಂದದ್ದು ಉಳಿದಿದೆ" ಅಂತ ಕೊಟ್ಟರೆ ಪ್ರೀತಿಯಿಂದಲೇ ಬೇಡ ಅನ್ನಿ.

ಇನ್ನೆರಡು ಗುರುತು ಬೇಗ ಹೇಳಿಬಿಡುತ್ತೇನೆ. ಕೆಲವು ಸ್ಟ್ರಿಪ್‌ಗಳ ಎಡಗಡೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಬೇಡ ಅಂತ ಅದರ ಅರ್ಥ. ಓದಲು ಬಾರದವರಿಗೂ ಕಾಣುವ ಗುರುತು ಅದೊಂದೇ. ಹಾಗೆಯೇ 2023ರ ಆಗಸ್ಟ್‌ನಿಂದ, ಹೆಚ್ಚು ಮಾರಾಟವಾಗುವ 300 ಹೆಸರಿನ ಔಷಧಿಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯ ಮಾಡಿದ್ದಾರೆ, ನಾವು ಅಂಗಡಿಯಲ್ಲಿ ಫೋನ್ ತೋರಿಸಿ ದುಡ್ಡು ಕೊಡುತ್ತೇವಲ್ಲ, ಅದೇ ಥರದ ಚೌಕ. ಮೊಬೈಲಿನಲ್ಲಿ ತೆಗೆದರೆ ಹೆಸರು, ಕಂಪನಿ, ಬ್ಯಾಚ್, ಅವಧಿ ಕಾಣಬೇಕು. ಮಕ್ಕಳಿಗೆ ಮೊಬೈಲ್ ಕೊಡುವುದಾದರೆ ಈ ಕೆಲಸಕ್ಕೆ ಕೊಡಿ.

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ. ಪೊಟ್ಟಣದ ಮಾತ್ರೆ. ಮಂಡಿನೋವು, ಸೊಂಟನೋವು ಅಂತ ಹೋದರೆ ಒಂದು ಸೂಜಿ ಚುಚ್ಚಿ, ಕಾಗದದ ಕವರಿನಲ್ಲಿ ಮೂರು ಬಣ್ಣದ ಬಿಡಿ ಮಾತ್ರೆ ಹಾಕಿ ಕೊಡುತ್ತಾರೆ. ಹೆಸರಿಲ್ಲ, ಚೀಟಿಯಿಲ್ಲ. ಎರಡು ದಿನದಲ್ಲಿ ನೋವು ಮಾಯ. "ಅವರ ಕೈಗುಣ ಚೆನ್ನಾಗಿದೆ" ಅಂತೀವಿ. ಆ ಕೈಗುಣ ಎಷ್ಟೋ ಸಲ ಸ್ಟಿರಾಯ್ಡ್. ನಾನು ಕೆಲಸದಲ್ಲಿದ್ದಾಗ ಒಬ್ಬ ಹೆಂಗಸು ಬರುತ್ತಿದ್ದಳು. ಗದ್ದೆ ಕೆಲಸದವಳು. ಒಂದು ವರ್ಷ ಅಂಥ ಪೊಟ್ಟಣ ನುಂಗಿದ್ದಳು. ಮುಖ ದುಂಡಗಾಗಿತ್ತು. ಊರಲ್ಲಿ ಎಲ್ಲರೂ "ಮೈ ತುಂಬಿಕೊಂಡಿದ್ದೀಯ, ಚೆನ್ನಾಗಿದ್ದೀಯ" ಅಂದರಂತೆ. ಪರೀಕ್ಷೆ ಮಾಡಿದರೆ ಸಕ್ಕರೆ ಮುನ್ನೂರು ದಾಟಿತ್ತು. ಹೆದರಿ ಮಾತ್ರೆಯನ್ನು ಒಂದೇ ಸಲಕ್ಕೆ ಬಿಟ್ಟಳು. ವಾರದಲ್ಲಿ ಎದ್ದು ನಿಲ್ಲಲಾಗದೆ ಕುಸಿದಳು. ಬಹಳ ದಿನ ತೆಗೆದುಕೊಂಡ ಸ್ಟಿರಾಯ್ಡನ್ನು ಹಾಗೆ ದಿಢೀರನೆ ಬಿಡಬಾರದು, ವೈದ್ಯರು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಆದರೆ ಏನು ನುಂಗಿದ್ದಾಳೆ ಅಂತ ಗೊತ್ತಿದ್ದರೆ ತಾನೇ ಇಳಿಸುವುದು?

ಸ್ಟಿರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೆಸರು ಹೇಳಿ, ಲೆಕ್ಕ ಹಾಕಿ ಕೊಟ್ಟರೆ ಅದು ಜೀವ ಉಳಿಸುತ್ತದೆ. ಹೆಸರು ಹೇಳದೆ ಕೊಡುವುದು ತಪ್ಪು. "ಡಾಕ್ಟ್ರೇ, ಇದರ ಹೆಸರು ಒಂದು ಚೀಟಿಯಲ್ಲಿ ಬರೆದುಕೊಡಿ" ಅಂತ ಕೇಳಲು ನಮಗೆ ಸಂಕೋಚ. ಬ್ಯಾಂಕ್ ಮ್ಯಾನೇಜರ ಮುಂದೆ ಕೂತು ಸಾಲದ ಬಡ್ಡಿ ಎಷ್ಟು ಅಂತ ಕೇಳಲು ಮೊದಲು ಇದಕ್ಕಿಂತ ಹೆಚ್ಚು ಸಂಕೋಚ ಇತ್ತು, ಈಗ ಕೇಳುತ್ತಿಲ್ಲವೇ? ಒಬ್ಬಳಿಗೆ ಆಗದಿದ್ದರೆ ಇಬ್ಬರು ಜೊತೆಯಲ್ಲಿ ಹೋಗಿ.

ಮನೆಯಲ್ಲಿ ಮಕ್ಕಳಿರುವವರು ಇದನ್ನು ಗಮನವಿಟ್ಟು ಕೇಳಿ. ಅಜ್ಜಿಯ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಇಂಥವು, ಒಂದೇ ಒಂದು ನುಂಗಿದರೂ ಸಣ್ಣ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದೂ ತಕ್ಷಣ ಅಲ್ಲ, ಗಂಟೆಗಟ್ಟಲೆ ತಡವಾಗಿ. ಕಬ್ಬಿಣಾಂಶದ ಮಾತ್ರೆಗೆ ಮೇಲೆ ಸಿಹಿ ಲೇಪನ, ನೋಡಲು ಪೆಪ್ಪರಮೆಂಟು. ಹಿಡಿ ತಿಂದರೆ ಮಗುವಿನ ಜೀವಕ್ಕೇ ಅಪಾಯ. ಆದ್ದರಿಂದ ಮಗು ಏನೋ ಮಾತ್ರೆ ತಿಂದಿದೆ ಅನ್ನಿಸಿದರೆ, ಆಟವಾಡಿಕೊಂಡು ಚೆನ್ನಾಗಿದ್ದರೂ ಕರೆದುಕೊಂಡು ಹೊರಡಿ. 108ಕ್ಕೆ ಫೋನ್ ಮಾಡಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಡಬ್ಬಿಯನ್ನು, ಉಳಿದ ಮಾತ್ರೆಯನ್ನು, ಖಾಲಿ ಸ್ಟ್ರಿಪ್ಪನ್ನು ಎಲ್ಲ ಬಾಚಿಕೊಂಡು ಹೋಗಿ. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ವಿಷದ ಬಗ್ಗೆ ಮಾಹಿತಿ ಕೊಡುವ ರಾಷ್ಟ್ರೀಯ ಕೇಂದ್ರ ಇದೆ, ಉಚಿತ ನಂಬರು 1800 116 117. ಅವರು ಕೇಳುವ ಮೊದಲ ಪ್ರಶ್ನೆಯೂ ಇದೇ: ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಾಯಿತು?

ಈಗ ನಿಮ್ಮ ಡಬ್ಬಿಯಲ್ಲಿ ಹೆಸರಿಲ್ಲದ ಮಾತ್ರೆ ಇವೆ. ಏನು ಮಾಡುವುದು? ಒಂದು ಎಚ್ಚರಿಕೆ. ನನ್ನ ಮಾತು ಕೇಳಿ ಹೆದರಿ ದಿನಾ ತೆಗೆದುಕೊಳ್ಳುವ ಬಿ.ಪಿ., ಫಿಟ್ಸ್, ಹೃದಯದ ಮಾತ್ರೆ ನಿಲ್ಲಿಸಬೇಡಿ. ಇವತ್ತೇ ಮೆಡಿಕಲ್ ಶಾಪಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹಳೆಯ ಚೀಟಿ ಹಿಡಿದು ಹೋಗಿ, ಹೊಸದಾಗಿ ಸ್ಟ್ರಿಪ್ ಸಮೇತ ತನ್ನಿ. ಬಿಡಿಯಾಗಿರುವುದನ್ನು 'ಇರಲಿ, ದುಡ್ಡು ಕೊಟ್ಟು ತಂದದ್ದು' ಅಂತ ಇಟ್ಟುಕೊಳ್ಳಬೇಡಿ. ಬಾವಿಗೆ, ಚರಂಡಿಗೆ, ದನ ಬಾಯಿ ಹಾಕುವ ತಿಪ್ಪೆಗೆ ಎಸೆಯಬೇಡಿ. ಮೊದಲು ಆಸ್ಪತ್ರೆಯಲ್ಲಿ ತೆಗೆದುಕೊಳ್ಳುತ್ತಾರೆಯೇ ಕೇಳಿ. ಇಲ್ಲವಾದರೆ ಚಹಾದ ಚರಟವೋ ಮಣ್ಣೋ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಪಂಚಾಯಿತಿಯ ಕಸದ ಗಾಡಿಗೆ ಹಾಕಿ.

ಸಂಘದಲ್ಲಿ ಒಂದು ಕೆಲಸ ಮಾಡಬಹುದು. ಮೂರು ತಿಂಗಳಿಗೊಮ್ಮೆ ಉಳಿತಾಯದ ಸಭೆ ಮುಗಿದ ಮೇಲೆ ಡಬ್ಬಿ ತೆರೆಯಿರಿ. ಯಾವ ಮಾತ್ರೆ ಒಳ್ಳೆಯದು, ಯಾರಿಗೆ ಯಾವುದು ಅಂತ ತೀರ್ಮಾನಿಸುವುದು ನಮ್ಮ ಕೆಲಸ ಅಲ್ಲ. ಹೆಸರು ಇರುವುದು ಒಂದು ಕಡೆ, ಇಲ್ಲದ್ದು ಒಂದು ಕಡೆ, ಅವಧಿ ಮುಗಿದದ್ದು ಇನ್ನೊಂದು ಕಡೆ. ಅಷ್ಟೇ. ಹೆಸರು ಇರುವುದರ ಸ್ಟ್ರಿಪ್ಪಿಗೆ ಒಂದು ಕನ್ನಡ ಚೀಟಿ ಅಂಟಿಸಿ: ಯಾರದು, ಯಾವುದಕ್ಕೆ, ಎಷ್ಟು ಹೊತ್ತಿಗೆ. ಓದಲು ಬಾರದ ಅಜ್ಜಿಯರಿಗೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದರೂ ಆಯಿತು. ವಾರಕ್ಕೊಮ್ಮೆಯ ಮಾತ್ರೆ ಇದ್ದರೆ ಅದನ್ನು ಬೇರೆ ಕಡೆ ಇಟ್ಟು, ವಾರದ ಹೆಸರು ದೊಡ್ಡದಾಗಿ ಬರೆಯಿರಿ. ನಮ್ಮ ಅತ್ತೆಯ ಮಾತ್ರೆಯನ್ನು ಈಗ ನಾನೇ ಕ್ಯಾಲೆಂಡರಿನ ಹಿಂದೆ, ಭಾನುವಾರದ ಕವರಿನಲ್ಲಿ ಇಡುತ್ತೇನೆ. ಒಗ್ಗರಣೆ ಡಬ್ಬಿಗೆ ಸಾಸಿವೆ ವಾಪಸು ಬಂದಿದೆ.

ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ನಾನು ಕತ್ತರಿ, ಗೋಂದು, ಪೆನ್ನು ತಂದಿದ್ದೇನೆ. ಆ ಮೇಜಿನ ಹತ್ತಿರ ಒಬ್ಬೊಬ್ಬರಾಗಿ ಡಬ್ಬಿ ತನ್ನಿ. ಸೆರಗಿನ ಗಂಟಿನ ಅಜ್ಜಿ ಮೊದಲು ಬರಲಿ.